ಕೊನೆಯ ನಳ

ಬೆಳಗ್ಗೆ ಆರು ಗಂಟೆಗೆ ನಾನು ವಿಶ್ವವಿದ್ಯಾಲಯದ ದೊಡ್ಡ ಬಾಗಿಲ ಮುಂದೆ ಬಕೀಟು ಇಟ್ಟು ನಿಂತಾಗ, ಹಿಂದಿನ ದಿನ ಬಾಗಿಲನ್ನು ಮುಟ್ಟಿದವರೆಲ್ಲರ ಕೈಗುರುತು ಬಾಗಿಲ ಹಿಡಿಕೆಯ ಮೇಲೆ ಬಣ್ಣವಾಗಿ ಕೂತಿರುತ್ತಿತ್ತು. ಕುಲಪತಿಗಳದು ಅರಿಸಿನದ ಬಣ್ಣ, ಅದೂ ತೀರ ತೆಳ್ಳಗೆ, ಏಕೆಂದರೆ ಅವರಿಗೆ ಬಾಗಿಲು ತೆರೆಯಲು ಬೇರೆಯವರಿದ್ದರು. ಗಣಿತದ ಮೇಷ್ಟ್ರದು ನೀಲಿ; ಅವರು ಒಂದೇ ಬೆರಳಿನಿಂದ ಬಾಗಿಲು ನೂಕುವವರಾದ್ದರಿಂದ ಅದು ಬೊಟ್ಟಿನಷ್ಟೇ ಇರುತ್ತಿತ್ತು. ಕಾವಲುಗಾರನದು ವೀಳ್ಯದೆಲೆಯ ಹಸಿರು, ಅಂಗೈ ಅಗಲ. ನಮ್ಮೂರಿನಲ್ಲಿ ಸಂಜೆ ಮುಟ್ಟಿದ್ದು ಬೆಳಗಾಗುವಷ್ಟರಲ್ಲಿ ಬಣ್ಣ ಕಟ್ಟುತ್ತದೆ, ಹಾಲು ಹೆಪ್ಪಾಗುವ ಹಾಗೆ. ಒಬ್ಬೊಬ್ಬರದು ಒಂದೊಂದು ಬಣ್ಣ. ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ.

ಅದನ್ನು ಅಳಿಸುವುದು ನನ್ನ ಕೆಲಸ. ನನ್ನ ಹೆಸರು ಬಾಳವ್ವ. ಇಪ್ಪತ್ತಮೂರು ವರ್ಷ ಇಲ್ಲಿನ ಕಟ್ಟಡಗಳ, ಹಾಸ್ಟೆಲಿನ ಹಿಡಿಕೆ, ಚಿಲಕ, ನಳ, ಮೇಜುಗಳನ್ನು ಒರೆಸಿದ್ದೇನೆ. ಹಾಗಾಗಿ ಇಲ್ಲಿ ಯಾರು ಎಲ್ಲಿ ಕೈ ಇಟ್ಟರು ಎಂಬುದು ನನಗೆ ತಿಳಿದಷ್ಟು ಯಾವ ಪ್ರಾಧ್ಯಾಪಕರಿಗೂ ತಿಳಿಯದು. ಒಂದು ವರ್ಷ ಗ್ರಂಥಾಲಯದ ಮೆಟ್ಟಿಲಿನ ಕಟಾಂಜನದ ಮೇಲೆ ಒಂದು ಗುಲಾಬಿ ಕೈ, ಒಂದು ಕಂದು ಕೈ ದಿನಕ್ಕೊಂದು ಗೇಣು ಹತ್ತಿರ ಬರುತ್ತ ಬರುತ್ತ ದೀಪಾವಳಿಯ ಹೊತ್ತಿಗೆ ಒಂದರ ಮೇಲೊಂದು ಕೂತವು. ಗುಲಾಬಿ ಕೈಯ ಹುಡುಗಿಯ ಅಪ್ಪ ಅದೇ ಗ್ರಂಥಾಲಯದ ಜವಾನ, ಏಳಕ್ಕೆ ಕೆಲಸಕ್ಕೆ ಬರುವವನು. ನಾನು ಆರೂಕಾಲಿಗೇ ಹೋಗಿ ಅದನ್ನು ಒರೆಸಿಬಿಡುತ್ತಿದ್ದೆ. ಮುಂದೆ ಅವರ ಮದುವೆಯಾಯಿತು. ನನ್ನನ್ನು ಕರೆಯಲಿಲ್ಲ, ಇರಲಿ.

ಊರೂ ಇದಕ್ಕೆ ಹೊಂದಿಕೊಂಡಿತ್ತು. ಸಂತೆಯಲ್ಲಿ ಪಾತ್ರೆ ಮಾರುವವಳು ‘ಬಣ್ಣಿಲ್ಲ ನೋಡವ್ವಾ, ಒಂದ ಚುಕ್ಕಿ ಬಣ್ಣಿಲ್ಲ’ ಎಂದೇ ಕೂಗುತ್ತಿದ್ದಳು. ಬೀಗರು ಬರುವ ದಿನ ಬಾಗಿಲ ಮುಂದೆ ರಂಗೋಲಿ ಇಲ್ಲದಿದ್ದರೂ ನಡೆದೀತು, ಚಿಲಕದ ಮೇಲೆ ಬಣ್ಣ ಇರಬಾರದು. ಬಣ್ಣ ಇದ್ದರೆ ಹೊಲಸು, ಇಲ್ಲದಿದ್ದರೆ ಶುದ್ಧ. ಇಷ್ಟೇ ನಮ್ಮ ಶಾಸ್ತ್ರ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನಮ್ಮಲ್ಲೂ ಇತ್ತು. ಆದರೆ ಅದನ್ನು ಹಾಲು ಮಾರುವವರ ಮೇಲಷ್ಟೇ ಪ್ರಯೋಗಿಸುತ್ತಿದ್ದೆವು.

ಇದನ್ನೆಲ್ಲ ಹೇಳುತ್ತಿರುವುದು ನನ್ನ ಜಾಣತನ ತೋರಿಸಲಿಕ್ಕಲ್ಲ. ಮಹಾನಂದಾ ಎಂಬ ಹುಡುಗಿ ನನಗೆ ಮಾಡಿದ ಉಪಕಾರವನ್ನು ಬಾಯಿಬಿಟ್ಟು ಹೇಳದಿದ್ದರೆ ಉಂಡ ಅನ್ನ ಮೈಗೆ ಹತ್ತದು ಅನಿಸುತ್ತದೆ. ಅದಕ್ಕೆ.

ಮಹಾನಂದಾ ಹೊಳೆಯಾಚೆಯ ಇಟ್ಟಿಗೆ ಭಟ್ಟಿಯವರ ಮಗಳು. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದಳು. ಅವಳು ಕೈ ಇಟ್ಟಲ್ಲಿ ಬೆಳಗಿಗೆ ಕಪ್ಪು ಏಳುತ್ತಿತ್ತು, ಹಂಚಿನ ತಳದ ಮಸಿಯಂಥ ಕಪ್ಪು. ಬೂದು, ಕಂದು, ಕೊಳೆತ ಕುಂಬಳದ ಬಣ್ಣ ಇವನ್ನೆಲ್ಲ ನಮ್ಮೂರು ಹೇಗೋ ಸಹಿಸಿಕೊಳ್ಳುತ್ತಿತ್ತು, ಕಪ್ಪನ್ನು ಮಾತ್ರ ಇಲ್ಲ. ಹಾಗಂತ ಹಾಸ್ಟೆಲಿನ ಹುಡುಗಿಯರು ಕೆಟ್ಟ ಮಾತೇನೂ ಆಡಲಿಲ್ಲ, ಓದಿದವರು. ಅವಳು ಬಂದ ಮೂರನೆಯ ದಿನ ಹಿತ್ತಲಿನ ಎಂಟು ನಳಗಳ ಸಾಲಿನಲ್ಲಿ ಕೊನೆಯದಕ್ಕೆ ಯಾರೋ ಕೆಂಪು ದಾರ ಕಟ್ಟಿದರು, ಅಷ್ಟೇ. ಪಾಯಖಾನೆಗಳ ಸಾಲಿನಲ್ಲೂ ಕೊನೆಯದು ಅವಳದಾಯಿತು. ಊಟದ ಮನೆಯ ಹೊರಗೆ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದಳು, ಅಡುಗೆಯವಳು ಕಿಟಕಿಯಿಂದ ಬಡಿಸುತ್ತಿದ್ದಳು. ಕುಡಿಯುವ ನೀರನ್ನೂ ತನ್ನ ನಳದಿಂದಲೇ ಹಿಡಿದುಕೊಳ್ಳುತ್ತಿದ್ದಳು.

ನಾನೇನು ಬೇರೆಯವಳಲ್ಲ. ಏಳು ನಳ ಒರೆಸಿ ಎಂಟನೆಯದರ ಮುಂದೆ ಬಂದಾಗ ನನ್ನ ಕೈ ತಾನಾಗಿ ಹಿಂದೆ ಸರಿಯುತ್ತಿತ್ತು. ನನ್ನ ಒರೆಸುವ ಅರಿವೆಗೆ ಆ ಮಸಿ ಹತ್ತಬಾರದು. ಆ ಕೊನೆಯ ನಳವನ್ನು, ಆ ಕೊನೆಯ ಚಿಲಕವನ್ನು ಮೂರು ವರ್ಷದಲ್ಲಿ ಒಂದು ದಿನವೂ ನಾನು ಒರೆಸಲಿಲ್ಲ. ನಳದ ಮೇಲೆ ಅವಳ ಬೆರಳುಗಳು ಪದರದ ಮೇಲೆ ಪದರವಾಗಿ ಕೂತಿದ್ದವು.

ಆ ಅರಿವೆಯ ಬಗ್ಗೆಯೂ ಹೇಳಬೇಕು. ಅದು ನಮ್ಮವ್ವನ ಹತ್ತಿ ಸೀರೆ ಹರಿದು ಮಾಡಿದ್ದು. ಉಗ್ರಾಣದಿಂದ ತಿಂಗಳಿಗೊಂದು ಹೊಸ ಬಟ್ಟೆ, ಒಂದು ಡಬ್ಬಿ ಬ್ಲೀಚಿಂಗ್ ಪುಡಿ ಕೊಡುತ್ತಿದ್ದರು. ಬಟ್ಟೆಯನ್ನು ಮಡಿಸಿ ಎತ್ತಿಡುತ್ತಿದ್ದೆ, ಪುಡಿಯಿಂದ ಕೈ ಉರಿಯುತ್ತದೆಂದು ಮುಚ್ಚಳ ತೆಗೆಯುತ್ತಿರಲಿಲ್ಲ. ಅವುಗಳ ಅಗತ್ಯವೇ ನನಗೆ ಕಂಡಿರಲಿಲ್ಲ. ನನ್ನ ಅರಿವೆಯನ್ನು ಬಕೀಟಿನಲ್ಲಿ ಒಮ್ಮೆ ಅದ್ದಿ ಹಿಂಡಿದರೆ ಸಾಕು, ಹತ್ತಿದ ಬಣ್ಣವೆಲ್ಲ ಬಿಟ್ಟು ಬೆಳ್ಳಗಾಗುತ್ತಿತ್ತು. ಹಾಗಾಗಿ ಇಡೀ ದಿನಕ್ಕೆ ಅದೊಂದೇ ಅರಿವೆ, ಅದೊಂದೇ ಬಕೀಟು. ಪಾಯಖಾನೆಯ ಚಿಲಕ ಒರೆಸಿದ ಮೇಲೆ ನಳ, ನಳದ ಮೇಲೆ ಊಟದ ಮನೆಯ ಬಾಗಿಲು, ಕೊನೆಗೆ ಕುಡಿಯುವ ನೀರಿನ ಹಂಡೆಯ ಸೌಟು, ಎಲ್ಲ ಅದರಿಂದಲೇ. ‘ಬಾಳವ್ವ ಒರಸಿದ್ಲಂದ್ರ ಹೊಸಾದು ತಂದಿಟ್ಟಂಗ’ ಎಂದು ವಾರ್ಡನ್ ಇಂದುಮತಿ ಬಾಯಿಯವರು ನಾಲ್ಕು ಜನರ ಮುಂದೆ ಹೇಳಿದ್ದುಂಟು. ಆ ದಿನ ನಾನು ನೆಲದ ಮೇಲೆ ನಡೆದಿರಲಿಲ್ಲ.

ಆ ವರ್ಷ ಕೊನೆಯ ಪರೀಕ್ಷೆಗೆ ಮೂರು ವಾರ ಇದ್ದಾಗ ಹಾಸ್ಟೆಲಿನಲ್ಲಿ ವಾಂತಿಭೇದಿ ಶುರುವಾಯಿತು. ಮೊದಲು ಮೂವರು ಮಲಗಿದರು. ಅವರಲ್ಲೊಬ್ಬಳು ಊಟದ ಮನೆಯೊಳಗೇ ಕುಸಿದು ಬಿದ್ದಾಗ, ಮೆಟ್ಟಿಲ ಮೇಲೆ ಉಣ್ಣುತ್ತಿದ್ದ ಮಹಾನಂದಾ ತಟ್ಟೆ ಬಿಟ್ಟು ಬಾಗಿಲು ನೂಕಿ ಒಳಗೆ ಓಡಿ ಅವಳನ್ನು ಎತ್ತಿ ಕೂರಿಸಿದಳು. ಮರುದಿನ ಬೆಳಗ್ಗೆ ಊಟದ ಮನೆಯ ಬಾಗಿಲ ಮೇಲೆ ಐದು ಕಪ್ಪು ಬೆರಳು. ನಾನು ಒರೆಸುವ ಮೊದಲು ಇಂದುಮತಿ ಬಾಯಿಯವರು ಅದನ್ನು ನೋಡಿದರು. ವಾರದಲ್ಲಿ ಮೂವರು ಹತ್ತೊಂಬತ್ತಾದರು.

ಇಂದುಮತಿ ಬಾಯಿಯವರು ಕೆಟ್ಟವರಲ್ಲ. ಒಬ್ಬೊಬ್ಬ ಹುಡುಗಿಯ ತಲೆ ಹಿಡಿದು ಕೂತು, ಆಸ್ಪತ್ರೆಗೆ ಸಾಗಿಸಿ, ಅವರ ತಂದೆತಾಯಿಗಳಿಗೆ ಉತ್ತರ ಹೇಳಿ ಹೇಳಿ ಅವರ ಮುಖ ಬತ್ತಿಹೋಗಿತ್ತು. ಹೆದರಿದವರಿಗೆ ಕೈಗೆ ಸಿಕ್ಕಿದ್ದೇ ಕಾರಣ.

‘ಹತ್ತೊಂಬತ್ತ ಹುಡುಗ್ಯಾರು ಮಲಗ್ಯಾರ. ಅಕಿಗೆ ಮಾತ್ರ ಒಂದ ಸಲಾನೂ ಹೊಟ್ಟಿ ಕೆಟ್ಟಿಲ್ಲ. ಯಾಕ? ಹಾವಿಗೆ ತನ್ನ ವಿಷ ಹತ್ತತೈತೇನು ಬಾಳವ್ವ?’ ಎಂದು ನನ್ನನ್ನೇ ಕೇಳಿದರು.

‘ಹೌದ್ರಿ ಬಾಯಾರ,’ ಎಂದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು ಎಂದು ಈಗ ಹೇಳುತ್ತೇನೆ. ಆಗ ಬರೆಗೆ ಸಲಾಕೆ ಕಾಯಿಸಿ ಕೊಡುವವರ ಸಾಲಿನಲ್ಲಿ ನಾನೂ ಇದ್ದೆ. ಮಹಾನಂದಾ ಊಟದ ಮನೆಯ ಹತ್ತಿರವೂ ಸುಳಿಯಬಾರದು, ಪರೀಕ್ಷೆಯ ವಾರದ ಸೋಮವಾರ ಸಭೆ ಸೇರಿ ಅವಳನ್ನು ಹಾಸ್ಟೆಲಿನಿಂದ ತೆಗೆಯುವುದು ಎಂದಾಯಿತು. ಹಾಸ್ಟೆಲಿನಿಂದ ತೆಗೆದವರಿಗೆ ಆ ವರ್ಷ ಪರೀಕ್ಷೆ ಇಲ್ಲ, ಪರೀಕ್ಷೆ ತಪ್ಪಿದರೆ ಸೀಟೂ ಇಲ್ಲ. ಇದು ನಮ್ಮ ವಿಶ್ವವಿದ್ಯಾಲಯದ ನಿಯಮ. ಅದೇ ವಾರದ ಬುಧವಾರ ಮೊದಲ ಪೇಪರು.

ನಾನು ಮಾಡಿದ್ದೇನೆಂದರೆ, ದಿನಕ್ಕೆ ಒಂದು ಸಲ ಒರೆಸುತ್ತಿದ್ದವಳು ಮೂರು ಸಲ ಒರೆಸತೊಡಗಿದೆ. ಹುಡುಗಿಯರ ಮೇಲಿನ ಕನಿಕರದಿಂದಲೇ ಒರೆಸಿದೆ. ನಾಲ್ಕನೆಯ ದಿನ ನನಗೇ ಹೊಟ್ಟೆ ತಿರುಚಿತು. ಹಾಸ್ಟೆಲಿನ ಹಿಂದಿನ ನನ್ನ ತಗಡಿನ ಖೋಲಿಯಲ್ಲಿ ಬಿದ್ದುಕೊಂಡೆ. ಬಾಗಿಲ ತನಕ ಬಂದವರು ಮೂಗು ಮುಚ್ಚಿಕೊಂಡು ‘ಹುಷಾರು ಬಾಳವ್ವ’ ಎಂದು ತಿರುಗಿ ಹೋದರು. ನೀರು ಬೇಕಿತ್ತು, ಎದ್ದು ಕೊಡದ ತನಕ ಹೋಗಲು ಕಾಲಿರಲಿಲ್ಲ.

‘ಬಾಳಕ್ಕಾ, ಏಳ್ರಿ. ಒಂದೀಟು ಗಂಜಿ ಕುಡೀರಿ.’

ಕಣ್ಣು ಬಿಟ್ಟರೆ ಮಹಾನಂದಾ. ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಮಂಡಿಯೂರಿ ಕೂತಿದ್ದಳು. ನಾನು ಗಂಜಿ ನೋಡಲಿಲ್ಲ, ಕೈ ನೋಡಿದೆ. ಎಲ್ಲರ ಕೈಯಂಥದೇ ಕೈ, ಕಚ್ಚಿದ ಉಗುರು, ಹೆಬ್ಬೆರಳಿಗೆ ಶಾಯಿ. ಆ ಬೆರಳು ತಾಗಿದ ಬಟ್ಟಲಿಗೆ ಬಾಯಿ ಹಚ್ಚಲೋ ಬೇಡವೋ ಎಂದು ಸಾಯುವಂಥ ಬಾಯಾರಿಕೆಯಲ್ಲೂ ಒಂದು ಗಳಿಗೆ ಯೋಚಿಸಿದೆ. ನನಗೆ ಈಗಲೂ ಅದಕ್ಕೆ ನಾಚಿಕೆಯಾಗುತ್ತದೆ. ಆಮೇಲೆ ಕುಡಿದೆ.

ನಾಲ್ಕು ದಿನ ಅವಳು ಬಂದಳು. ಉಪ್ಪು ಸಕ್ಕರೆ ಬೆರೆಸಿದ ನೀರು ಚಮಚದಿಂದ ಹಾಕಿದಳು, ಸೀರೆ ಒಗೆದಳು, ನೆಲ ಬಳಿದಳು. ಮಗ್ಗುಲಲ್ಲಿ ಪುಸ್ತಕ ಇಟ್ಟುಕೊಂಡು ಒಂದು ಕೈಯಿಂದ ಪುಟ ತಿರುಗಿಸುತ್ತ ಇನ್ನೊಂದರಿಂದ ನನ್ನ ಪಾದ ತಿಕ್ಕುತ್ತಿದ್ದಳು. ಹೆತ್ತ ಮಗಳಿದ್ದಿದ್ದರೂ ಇಷ್ಟು ಮಾಡುತ್ತಿದ್ದಳೋ ಇಲ್ಲವೋ. ಮೂರನೆಯ ದಿನ ಮಾತು ಬರುವಷ್ಟು ತ್ರಾಣ ಬಂದಾಗ ಕೇಳಿದೆ.

‘ಯವ್ವಾ, ಎಲ್ಲಾರೂ ನಿನ್ನ ಹೊರಗ ಹಾಕಾಕ ನಿಂತಾರ. ಓದೂದು ಬಿಟ್ಟು ನನ್ನ ವಾಂತಿ ಬಳ್ಯಾಕ ಯಾಕ ಬರ್ತಿ?’

ಅವಳು ಪುಸ್ತಕದಿಂದ ತಲೆ ಎತ್ತಿ, ನಾನೇನೋ ಗೊತ್ತಿಲ್ಲದವಳ ಹಾಗೆ ನಟಿಸುತ್ತಿದ್ದೇನೆ ಎಂಬಂತೆ ನಕ್ಕಳು.

‘ನೀವೊಬ್ರ ಅಲ್ಲೇನ್ರಿ ನನ್ನ ಕೈಯಿ ಅಳಸದ ಬಿಟ್ಟೋರು? ಉಳದೋರದೆಲ್ಲಾ ದಿನಾ ಮುಂಜಾನೆ ಅಳಸ್ತೀರಿ, ನಂದು ಮಾತ್ರ ಹಂಗ ಇಡ್ತೀರಿ. ಮೊದಲ್ನೇ ವರ್ಷ ಒಮ್ಮೆ ಓಡಿ ಹೋಗಬೇಕಂತ ಪೆಟ್ಟಿಗಿ ಕಟ್ಟಿದ್ದೆ. ಮಾರಿ ತೊಳ್ಯಾಕ ನಳದ ಹಂತ್ಯಾಕ ಹೋದ್ರ, ನನ್ನ ಕರೀ ಬಟ್ಟಿನ ಗುರ್ತು ಎಲ್ಲಾ ಅಲ್ಲೇ ಅದಾವು. ನನ್ನ ಕೈಗೆ ಹೇಸದಾಕಿ ಒಬ್ಬಾಕಿ ಇಲ್ಲಿ ಅದಾಳ ಅಂತ ಅನ್ಕೊಂಡೆ. ಪೆಟ್ಟಿಗಿ ಬಿಚ್ಚಿದೆ.’

ನಾನು ಗೋಡೆಯ ಕಡೆ ಹೊರಳಿದೆ. ಹೊಟ್ಟೆನೋವೆಂದು ತಿಳಿದು ಅವಳು ಬೆನ್ನು ಸವರಿದಳು.

ನಾನು ಮಲಗಿದ ಆ ನಾಲ್ಕು ದಿನ ಹಾಸ್ಟೆಲಿನಲ್ಲಿ ಯಾರೂ ಏನೂ ಒರೆಸಲಿಲ್ಲ. ಬಾಗಿಲು, ನಳ, ಸೌಟು ಎಲ್ಲ ಓಕುಳಿಯಾಡಿದ ಹಾಗೆ ಆಗಿತ್ತಂತೆ. ಆದರೆ ಹೊಸದಾಗಿ ಒಬ್ಬ ಹುಡುಗಿಯೂ ಮಲಗಲಿಲ್ಲ. ‘ಅಕಿನ್ನ ಊಟದ ಮನಿಯಿಂದ ದೂರ ಇಟ್ಟಿದ್ದಕ್ಕ ನಿಂತತಿ’ ಎಂದು ಇಂದುಮತಿ ಬಾಯಿಯವರು ನಿಟ್ಟುಸಿರು ಬಿಟ್ಟರು. ಪರೀಕ್ಷೆಗೆ ಒಂದು ವಾರ ಇರುವ ಬುಧವಾರ ನಾನು ಎದ್ದೆ. ಆ ಬಣ್ಣವೆಲ್ಲ ನೋಡಿ ನನಗೇ ಅವಮಾನವಾಗಿ, ಮೂಲೆಯಲ್ಲಿ ಬಿದ್ದಿದ್ದ ಅರಿವೆ ತೆಗೆದುಕೊಂಡು ಚಿಲಕದಿಂದ ಸೌಟಿನ ತನಕ ಎಲ್ಲ ಫಳಫಳ ಮಾಡಿದೆ. ಶುಕ್ರವಾರ ಮತ್ತೆ ಐವರು ಮಲಗಿದರು.

ಅವತ್ತು ಸಂಜೆ ಹಿತ್ತಲಿನಲ್ಲಿ ನಳಗಳ ಮುಂದೆ ಕೂತೆ. ಮಹಾನಂದಾ ಊಟದ ಮನೆಯತ್ತ ಕಾಲಿಟ್ಟಿರಲಿಲ್ಲ, ನನ್ನ ಕಣ್ಣೆದುರೇ ಇದ್ದಳು. ಹಾಗಾದರೆ ಬುಧವಾರ ಹೊಸದಾಗಿ ಬಂದದ್ದು ಏನು? ನಾನು ಬಂದೆ. ನನ್ನ ಅರಿವೆ ಬಂತು. ಏಳು ನಳ ಒರೆಸಿದೆ, ಆ ಏಳು ನಳದ ಹುಡುಗಿಯರು ಮಲಗಿದರು. ಎಂಟನೆಯದನ್ನು ಒರೆಸಲಿಲ್ಲ, ಅದರ ಹುಡುಗಿಗೆ ಏನೂ ಆಗಲಿಲ್ಲ. ತೊಡೆಯ ಮೇಲಿದ್ದ ಅರಿವೆಯನ್ನು ನೋಡಿದೆ. ಮಲ್ಲಿಗೆಯಷ್ಟು ಬೆಳ್ಳಗಿತ್ತು.

ಶನಿವಾರ ಬೆಳಗ್ಗೆ ಅರಿವೆಯನ್ನು ಕಾಗದದಲ್ಲಿ ಸುತ್ತಿಕೊಂಡು ಸೂಕ್ಷ್ಮಜೀವಿ ವಿಭಾಗದ ಶಕೀಲಾ ಮೇಡಂ ಹತ್ತಿರ ಹೋದೆ. ಅವರ ಪ್ರಯೋಗಶಾಲೆಯ ಬಾಗಿಲನ್ನೂ ನಾನೇ ಒರೆಸುವುದು. ಎಂಟನೆಯ ನಳದ ಮಾತೊಂದನ್ನು ಬಚ್ಚಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರ ಬಾಳವ್ವ. ಬಣ್ಣಾ ಕಟ್ಟೂದು ಕೈಯಾಗಿನ ಬ್ಯಾಕ್ಟೀರಿಯಾ, ಆದ್ರ ಬಣ್ಣಿಲ್ಲದ ಬ್ಯಾಕ್ಟೀರಿಯಾನೂ ಇರ್ತಾವು ಅಂತ ಆರು ವರ್ಷದಿಂದ ಬರ್ಕೋಂತ ಬಂದೀನಿ. ಓದಿದೋರು ನನಗ ಏನ್ ಕೇಳ್ತಾರ ಗೊತ್ತೈತೇನು? “ಹೌದ್ರಿ ಮೇಡಂ, ಅದರ ಬಣ್ಣ ಯಾವ್ದು?” ಅಂತಾರ.’

ಅವರು ನನ್ನ ಅರಿವೆಯನ್ನು ಒಂದು ಗಾಜಿನ ತಟ್ಟೆಗೆ ಒತ್ತಿದರು. ಮಹಾನಂದಾಳನ್ನು ಕರೆಸಿ ಅವಳ ಬೆರಳನ್ನು ಇನ್ನೊಂದಕ್ಕೆ ಒತ್ತಿಸಿ ಎರಡನ್ನೂ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರು. ಸೋಮವಾರ ಒಂಬತ್ತಕ್ಕೆ ತೆಗೆದು ತೋರಿಸಿದರು. ಮಹಾನಂದಾಳ ತಟ್ಟೆಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ‘ಇದು ಹೊಲದ ಮಣ್ಣಾಗ ಇರೂದು. ಯಾರಿಗೂ ಏನೂ ಮಾಡಂಗಿಲ್ಲ.’ ನನ್ನ ತಟ್ಟೆ ಮೊದಲು ಖಾಲಿ ಅನಿಸಿತು. ಬೆಳಕಿಗೆ ಓರೆಯಾಗಿ ಹಿಡಿದಾಗ ಕಂಡಿತು, ತಟ್ಟೆ ತುಂಬ ತಿಳಿಗಂಜಿಯ ಹಾಗೆ ಒತ್ತೊತ್ತಾಗಿ ಬೆಳೆದು ನಿಂತಿತ್ತು.

ಶಕೀಲಾ ಮೇಡಂ ನನ್ನ ಮುಖ ನೋಡಿ ಧ್ವನಿ ತಗ್ಗಿಸಿದರು. ‘ನಾ “ಒಂದು ಅರಿವಿ” ಅಂತಷ್ಟ ಬರೀತೀನಿ. ಯಾರದು ಅಂತ ಬರಿಯಂಗಿಲ್ಲ. ನಿನ್ನ ಹೊಟ್ಟಿ ಮ್ಯಾಲೆ ಯಾಕ ಹೊಡೀಲಿ?’ ಆ ಮಾತಿಗೆ ನಾನು ಅವರಿಗೆ ಕೈ ಮುಗಿದೆ. ಸಭೆಗೆ ಹೋಗುವ ದಾರಿಯುದ್ದಕ್ಕೂ, ಅಷ್ಟು ಬರೆದರೆ ಸಾಕಾದೀತು, ಸಾಕಾಗಲಿ ಎಂದುಕೊಂಡೇ ನಡೆದೆ.

ಸಾಕಾಗಲಿಲ್ಲ. ಕುಲಸಚಿವರು ಮೇಡಂ ಬರೆದ ಕಾಗದವನ್ನು ಎರಡು ಸಲ ಓದಿ, ‘ಬಣ್ಣ ಇಲ್ಲದ್ದು ರೋಗಾ ತರತೈತಿ, ಕಪ್ಪಂದು ತರಂಗಿಲ್ಲ. ಹಿಂಗಂತ ಹೊರಗ ಹೇಳಿದ್ರ ಜನಾ ನಗ್ತಾರ್ರಿ’ ಎಂದರು. ಇಂದುಮತಿ ಬಾಯಿಯವರು ಎದ್ದು ನಿಂತರು. ‘ಹಾಸ್ಟೆಲ್‌ನಾಗ ಎಲ್ಲಾರೂ ಅದ ನೀರು, ಅದ ಅನ್ನ. ಅರಿವಿಯಿಂದ ಬಂದಿದ್ರ ಇಕಿಗೂ ಬರಬೇಕಿತ್ತಲ್ರಿ. ಇಕಿಗೊಬ್ಬಾಕಿಗೆ ಯಾಕ ಬರಲಿಲ್ಲ?’

ಎಲ್ಲರೂ ಮಹಾನಂದಾಳನ್ನು ನೋಡಿದರು. ಅವಳು ಗೋಡೆಗೆ ತಾಗದಂತೆ, ಯಾವುದನ್ನೂ ಮುಟ್ಟದಂತೆ ಕೈ ಕಟ್ಟಿ ನಿಂತಿದ್ದಳು. ಅವಳಿಗೆ ಉತ್ತರ ಗೊತ್ತಿರಲಿಲ್ಲ. ಆ ಕೋಣೆಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ. ಕೆಲಸ ಹೋಗುತ್ತದೆಂಬ ಹೆದರಿಕೆ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ, ಈ ಹುಡುಗಿ ನನ್ನ ಮುಖ ನೋಡುತ್ತಿರುವಾಗಲೇ ಹೇಳಬೇಕಲ್ಲ ಎಂಬುದು.

‘ಆ ಅರಿವಿ ನಂದ್ರಿ ಸಾಹೇಬ್ರ,’ ಎಂದೆ. ‘ಪಾಯಖಾನಿ ಚಿಲಕಾ ಒರಸಿದ ಅರಿವಿಯಿಂದನ ನಳಾ ಒರಸೀನಿ, ಸೌಟು ಒರಸೀನಿ. ಬಣ್ಣಿಲ್ಲ ಅಂದ್ರ ಹೊಲಸಿಲ್ಲ ಅನ್ಕೊಂಡಿದ್ದೆ. ಎಲ್ಲಾರ ಬಾಯಿಗೂ ನಾನ ರೋಗಾ ಹಚ್ಚೀನಿ. ಈ ಹುಡುಗಿಗೆ ಯಾಕ ಬರಲಿಲ್ಲ ಅಂದ್ರ… ಇಕಿ ನಳಾ ನಾ ಮೂರು ವರ್ಷದಾಗ ಒಂದ ದಿನಾನೂ ಮುಟ್ಟಿಲ್ಲ. ಮಸಿ ಅಂತ ಹೇಸಿ ಬಿಟ್ಟಿದ್ದೆ.’ ಅಲ್ಲಿಂದ ಮುಂದಿನದನ್ನು ಸಾಹೇಬರಿಗೆ ಹೇಳಲಿಲ್ಲ, ಅವಳ ಕಡೆ ತಿರುಗಿ ಹೇಳಿದೆ. ‘ಮಮತೆಯಿಂದ ಬಿಟ್ಟಿದ್ದಲ್ಲ ಯವ್ವಾ. ಹೇಸಿ ಬಿಟ್ಟಿದ್ದು.’

ಇಂದುಮತಿ ಬಾಯಿಯವರು ನಿಂತಲ್ಲೇ ಕುರ್ಚಿ ತಡಕಾಡಿ ಕೂತರು. ಮಹಾನಂದಾಳ ಮುಖದಲ್ಲಿ ಏನೋ ಒಂದು ಆರಿಹೋದದ್ದನ್ನು ನಾನು ಕಂಡೆ.

ಕುಲಸಚಿವರು ಕಾಗದ ಮಡಿಸಿದರು. ಹುಡುಗಿ ಹಾಸ್ಟೆಲಿನಲ್ಲೇ ಇದ್ದು ಪರೀಕ್ಷೆ ಬರೆಯಲಿ ಎಂದರು. ಆಮೇಲೆ ನನಗೆ, ‘ನೀ ನಾಳಿಂದ ಬರಬ್ಯಾಡ’ ಎಂದರು. ಸರಿಯೇ ಅನಿಸಿತು. ಸೆರಗು ಹೊದ್ದು ಬಾಗಿಲ ಕಡೆ ಹೊರಟೆ.

‘ಬಾಳಕ್ಕನ ಕೆಲಸಾ ತಗೀಬ್ಯಾಡ್ರಿ ಸರ್,’ ಎಂದಳು ಮಹಾನಂದಾ. ‘ಅಕಿ ಬಾಯಿ ಬಿಡದಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ. ನಾ ಇವತ್ತ ಊರಿಗೆ ಹೋಗ್ತಿದ್ದೆ. ಅಕಿಗೆ ಬ್ಯಾರೆ ಬ್ಯಾರೆ ಅರಿವಿ ಕೊಡ್ರಿ, ಕುದಸಾಕ ಹೇಳ್ರಿ.’ ಇಷ್ಟು ಹೇಳಿ ನನ್ನನ್ನು ನೋಡದೆ, ನನ್ನ ಪಕ್ಕದಿಂದಲೇ ದಾಟಿ ಹೊರಟುಹೋದಳು. ಅಲ್ಲಿಯ ತನಕ ನನಗೆ ‘ನೀವು’ ಎನ್ನುತ್ತಿದ್ದವಳು. ‘ಅಕಿ’ ಎಂದಿದ್ದು ಅದೇ ಮೊದಲು. ಅದೂ ನನಗೆ ಸಲ್ಲಬೇಕಾದದ್ದೇ.

ಅವಳ ಮಾತಿನಿಂದ ನನ್ನ ಕೆಲಸ ಉಳಿಯಿತು. ಪಾಯಖಾನೆಗೊಂದು, ನಳಕ್ಕೊಂದು, ಊಟದ ಮನೆಗೊಂದು ಎಂದು ಬೇರೆ ಬೇರೆ ಅರಿವೆ ಬಂದವು. ದಿನಾ ಕುದಿಸಿದೆ, ಬ್ಲೀಚಿಂಗ್ ಪುಡಿಗೆ ಕೈ ಉರಿದರೂ ಬಿಡಲಿಲ್ಲ. ವಾರದೊಳಗೆ ರೋಗ ನಿಂತಿತು. ಕೆಂಪು ದಾರವನ್ನು ಇಂದುಮತಿ ಬಾಯಿಯವರೇ ಕತ್ತರಿಸಿ ಹಾಕಿದರು. ಎಂಟನೆಯ ನಳದ ಮುಂದೆ ಮೊದಲ ದಿನ ಬಹಳ ಹೊತ್ತು ನಿಂತೆ. ಕೊನೆಗೆ ಒರೆಸಿದೆ, ಉಳಿದವನ್ನು ಒರೆಸಿದ ಹಾಗೆಯೇ. ಮೂರು ವರ್ಷದ ಕಪ್ಪು, ಅರ್ಧ ಗಂಟೆ ಹಿಡಿಯಿತು.

ಎಂಟು ಪೇಪರು, ಇಪ್ಪತ್ತು ದಿನ. ಅಷ್ಟೂ ದಿನ ಅವಳು ನನ್ನೊಂದಿಗೆ ಮಾತಾಡಲಿಲ್ಲ. ಹುಡುಗಿಯರು ಊಟದ ಮನೆಯೊಳಗೆ ಬಾ ಎಂದು ಕರೆದರೂ ಮೆಟ್ಟಿಲ ಮೇಲೆಯೇ ಕೂತು ಉಂಡಳು. ಪರೀಕ್ಷೆಗೆ ಹೋಗುವಾಗ ನಾನು ದೂರದಿಂದಲೇ ಮನಸ್ಸಿನಲ್ಲಿ ಅವಳ ದೃಷ್ಟಿ ತೆಗೆಯುತ್ತಿದ್ದೆ. ಕ್ಷಮಿಸು ಎಂದು ಕೇಳಲು ನನಗೆ ಮುಖವಿರಲಿಲ್ಲ. ಕೇಳದಿದ್ದರೂ ಅವಳು ನನ್ನ ಅನ್ನ ಉಳಿಸಿದ್ದಳು, ಅದಕ್ಕಿಂತ ಮೊದಲು ಜೀವ ಉಳಿಸಿದ್ದಳು. ಒಬ್ಬಳಿಂದ ಇಷ್ಟು ಪಡೆದದ್ದೇ ಹೆಚ್ಚು ಎಂದುಕೊಂಡಿದ್ದೆ.

ಕೊನೆಯ ಪೇಪರು ಮುಗಿದ ಮಧ್ಯಾಹ್ನ ನಾನು ಖೋಲಿಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಬಗಲಲ್ಲಿ ಪೆಟ್ಟಿಗೆ, ಕೈಯಲ್ಲಿ ಚಪ್ಪಲಿ. ಊರಿಗೆ ಹೊರಟು ನಿಂತಿದ್ದಳು. ಅವಳು ಏನು ಹೇಳಲು ಬಂದಿದ್ದರೂ ಕೇಳಿಸಿಕೊಳ್ಳಬೇಕೆಂದು ನಾನು ಹಿಟ್ಟಿನ ಕೈಯಲ್ಲೇ ಎದ್ದು ನಿಂತೆ.

‘ಬಾಳಕ್ಕಾ, ಹಸಿವ್ಯಾಗೇತ್ರಿ,’ ಎಂದಳು. ‘ಏನರ ಐತೇನು?’

‘ರೊಟ್ಟಿ ಅದಾವು. ಪುಂಡಿಪಲ್ಯ ಐತಿ.’

ಪೆಟ್ಟಿಗೆಯನ್ನು ಹೊರಗಿಟ್ಟು ಒಳಗೆ ಬಂದು ಒಲೆಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ಮೂರು ರೊಟ್ಟಿ ತಿಂದಳು. ನಾನು ಹೊಗೆಯ ನೆಪ ಮಾಡಿ ಮತ್ತೆ ಮತ್ತೆ ಕಣ್ಣು ಒರೆಸಿಕೊಳ್ಳುತ್ತಿದ್ದೆ. ನಾಲ್ಕನೆಯದನ್ನು ಹಂಚಿನಿಂದ ತೆಗೆದು ತಟ್ಟೆಗೆ ಹಾಕಲು ಹೋದೆ.

‘ಕೈಯಾಗ ಕೊಡ್ರಿ,’ ಎಂದು ಕೈ ಚಾಚಿದಳು.

ಕೊಟ್ಟೆ.